ಸ್ಥಿರ ಸಮತೋಲನದ ಲೆಕ್ಕ ಬಿಡಿಸುವ ಕ್ರಮ: ಚಿತ್ರದಿಂದ ಉತ್ತರದವರೆಗೆ

ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಮತ್ತು ಡಿಪ್ಲೊಮಾ ತರಗತಿಗಳಲ್ಲಿ ಆಧಾರಗಳ ಪ್ರತಿಕ್ರಿಯೆ, ಅಂದರೆ ಆಧಾರಗಳು ವಸ್ತುವಿಗೆ ಕೊಡುವ ಬಲ, ಕಂಡುಹಿಡಿಯುವ ಲೆಕ್ಕದಲ್ಲಿ ಎಡವುವವರಿಗೆ ಸೂತ್ರ ಗೊತ್ತಿರುವುದಿಲ್ಲ ಎನ್ನುವಂತಿಲ್ಲ. ಅಡ್ಡ ಬಲಗಳ ಮೊತ್ತ ಸೊನ್ನೆ, ಲಂಬ ಬಲಗಳ ಮೊತ್ತ ಸೊನ್ನೆ, ಮೊಮೆಂಟುಗಳ (ಬಲಗಳ ತಿರುಗಿಸುವ ಪರಿಣಾಮಗಳ) ಮೊತ್ತ ಸೊನ್ನೆ ಎಂಬ ಮೂರು ನಿಯಮಗಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅವರು ಹೇಳಬಲ್ಲರು. ತಪ್ಪಾಗುವುದು ಆ ಸಮೀಕರಣಗಳನ್ನು ಬರೆಯುವುದಕ್ಕೂ ಮೊದಲು, ಚಿತ್ರ ಬಿಡಿಸುವಾಗ ಅಥವಾ ಚಿತ್ರವನ್ನೇ ಬಿಡಿಸದೆ ಮುಂದೆ ಹೋದಾಗ. ಆದ್ದರಿಂದ ಈ ಮಾರ್ಗದರ್ಶಿಯ ಬಹುಪಾಲು ಚಿತ್ರದ ಬಗ್ಗೆಯೇ ಇದೆ. ಚಿತ್ರ ಪೂರ್ತಿಯಾಗುವ ಮೊದಲು ಒಂದು ಸಮೀಕರಣವನ್ನೂ ಬರೆಯಕೂಡದು ಎಂಬುದು ಇಲ್ಲಿಯ ಮೊದಲ ನಿಯಮ.

ಒಂದೇ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದುಕೊಂಡು ಸಾಗೋಣ. 8 ಮೀಟರ್ ಉದ್ದದ ಒಂದು ಅಡ್ಡ ತೊಲೆಯಿದೆ. ಅದರ ಎಡತುದಿ ಎ ಬಿಂದುವಿನಲ್ಲಿ ಹಿಂಜ್ ಆಧಾರವಿದೆ. ಅಲ್ಲಿಂದ 6 ಮೀಟರ್ ದೂರದ ಬಿ ಬಿಂದುವಿನಲ್ಲಿ ರೋಲರ್ ಆಧಾರವಿದೆ. ಬಿ ಬಿಂದುವಿನಿಂದ ಬಲತುದಿಯ ಸಿ ಬಿಂದುವಿನವರೆಗಿನ 2 ಮೀಟರ್ ಆಧಾರವಿಲ್ಲದ ಹೊರಚಾಚು. ಎ ಬಿಂದುವಿನಿಂದ 3 ಮೀಟರ್ ಉದ್ದಕ್ಕೆ ಪ್ರತಿ ಮೀಟರಿಗೆ 4 ಕಿಲೋನ್ಯೂಟನ್ ಸಮಹಂಚಿಕೆಯ ಭಾರವಿದೆ. ಎ ಬಿಂದುವಿನಿಂದ 4 ಮೀಟರ್ ದೂರದಲ್ಲಿ 20 ಕಿಲೋನ್ಯೂಟನ್ ಬಲವೊಂದು ತೊಲೆಗೆ 60 ಡಿಗ್ರಿ ಓರೆಯಾಗಿ, ಕೆಳಮುಖವಾಗಿ ಮತ್ತು ಎಡಮುಖವಾಗಿ ಒತ್ತುತ್ತಿದೆ. ಸಿ ಬಿಂದುವಿನಲ್ಲಿ 6 ಕಿಲೋನ್ಯೂಟನ್ ಭಾರ ನೇರವಾಗಿ ಕೆಳಕ್ಕೆ ಎಳೆಯುತ್ತಿದೆ. ತೊಲೆಯ ಸ್ವಂತ ತೂಕವನ್ನು ಬಿಟ್ಟುಬಿಡಬಹುದು ಎಂದು ಲೆಕ್ಕದಲ್ಲಿ ಹೇಳಿದೆ. ಮುಂದೆ ಓದುವ ಮೊದಲು ಇದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ.

## ಮೊದಲು ಸಿದ್ಧವಾಗಿರಬೇಕಾದವು

ಗೆರೆಯಿಲ್ಲದ ಹಾಳೆ, ಪೆನ್ಸಿಲ್, ಸ್ಕೇಲ್, ಎರಡು ಬಣ್ಣದ ಪೆನ್ನು ಮತ್ತು ಸೈಂಟಿಫಿಕ್ ಕ್ಯಾಲ್ಕುಲೇಟರ್ ಸಾಕು. ಬಣ್ಣದ ಪೆನ್ನು ಅಲಂಕಾರಕ್ಕಲ್ಲ. ಕೊಟ್ಟಿರುವ ಭಾರಗಳನ್ನು ಒಂದು ಬಣ್ಣದಲ್ಲಿ, ನಾವು ಕಂಡುಹಿಡಿಯಬೇಕಾದ ಅಜ್ಞಾತ ಬಲಗಳನ್ನು ಇನ್ನೊಂದು ಬಣ್ಣದಲ್ಲಿ ಬರೆದರೆ ಮುಂದೆ ಅಜ್ಞಾತಗಳನ್ನು ಎಣಿಸುವಾಗ ಯಾವುದೂ ಕಣ್ತಪ್ಪುವುದಿಲ್ಲ.

ಕ್ಯಾಲ್ಕುಲೇಟರನ್ನು ತೆಗೆದ ಕೂಡಲೇ ಸೈನ್ 30 ಎಷ್ಟೆಂದು ನೋಡಿರಿ. 0.5 ಬಂದರೆ ಡಿಗ್ರಿಯಲ್ಲಿದೆ. −0.988 ಬಂದರೆ ರೇಡಿಯನ್‌ನಲ್ಲಿದೆ, 0.454 ಬಂದರೆ ಗ್ರೇಡಿಯನ್‌ನಲ್ಲಿದೆ. ಎರಡೂ ನಮ್ಮ ಕೆಲಸಕ್ಕೆ ಬಾರವು. ಪರೀಕ್ಷೆಯ ಕೋಣೆಯಲ್ಲಿ ಗೆಳೆಯರಿಂದ ಎರವಲು ಪಡೆದ ಯಂತ್ರವಾದರಂತೂ ಈ ಪರೀಕ್ಷೆಯನ್ನು ಬಿಡಲೇಬಾರದು.

ಏಕಮಾನದ ವಿಷಯದಲ್ಲಿ ಒಂದೇ ಎಚ್ಚರಿಕೆ. ಕಿಲೋಗ್ರಾಮ್ ದ್ರವ್ಯರಾಶಿಯ ಅಳತೆ, ಬಲದ ಅಳತೆಯಲ್ಲ. 50 ಕಿಲೋಗ್ರಾಮ್ ವಸ್ತು ತೂಗುಹಾಕಿದೆ ಎಂದು ಕೊಟ್ಟರೆ 9.81ರಿಂದ ಗುಣಿಸಿ 490.5 ನ್ಯೂಟನ್ ಎಂದು ಚಿತ್ರದಲ್ಲಿ ಬರೆಯಬೇಕು. ಲೆಕ್ಕದಲ್ಲೇ ನ್ಯೂಟನ್ ಎಂದು ಕೊಟ್ಟಿದ್ದರೆ ಮತ್ತೆ 9.81ರಿಂದ ಗುಣಿಸುವುದು ಅಷ್ಟೇ ಸಾಮಾನ್ಯವಾದ ತಪ್ಪು.

## ಹಂತ 1: ಯಾವ ವಸ್ತುವಿನ ಸಮತೋಲನ ಎಂದು ನಿರ್ಧರಿಸುವುದು

ಸಮತೋಲನದ ಸಮೀಕರಣವನ್ನು ಯಾವಾಗಲೂ ಒಂದು ನಿರ್ದಿಷ್ಟ ವಸ್ತುವಿಗೆ ಬರೆಯುತ್ತೇವೆ. ಆ ವಸ್ತು ಯಾವುದು ಎಂಬುದನ್ನು ಹಾಳೆಯ ಮೇಲ್ಭಾಗದಲ್ಲಿ ಒಂದು ವಾಕ್ಯದಲ್ಲಿ ಬರೆಯಿರಿ. ನಮ್ಮ ಲೆಕ್ಕದಲ್ಲಿ "ಎ ಬಿಂದುವಿನಿಂದ ಸಿ ಬಿಂದುವಿನವರೆಗಿನ ತೊಲೆ" ಎಂದು ಬರೆದರೆ ಮುಗಿಯಿತು. ಒಂದರ ಮೇಲೊಂದು ಇಟ್ಟ ಎರಡು ಸಿಲಿಂಡರುಗಳು, ಪಿನ್ನಿನಿಂದ ಜೋಡಿಸಿದ ಎರಡು ಸರಳುಗಳು ಇಂಥ ಲೆಕ್ಕಗಳಲ್ಲಿ ಈ ವಾಕ್ಯವೇ ನಿಮ್ಮನ್ನು ಕಾಪಾಡುತ್ತದೆ.

ಎರಡು ಸಿಲಿಂಡರುಗಳನ್ನು ಸೇರಿಸಿ ಒಂದೇ ವಸ್ತುವೆಂದು ತೆಗೆದುಕೊಂಡರೆ ಅವು ಪರಸ್ಪರ ತಗಲುವ ಜಾಗದ ಬಲವನ್ನು ಚಿತ್ರದಲ್ಲಿ ತೋರಿಸಬಾರದು, ಏಕೆಂದರೆ ಅದು ಆ ಜೋಡಿಯ ಒಳಗಿನ ಬಲ. ಒಂದೊಂದನ್ನೇ ಬಿಡಿಸಿ ತೆಗೆದುಕೊಂಡರೆ ಅದೇ ಬಲವನ್ನು ಎರಡೂ ಚಿತ್ರಗಳಲ್ಲಿ ಸಮಪ್ರಮಾಣದಲ್ಲಿ, ವಿರುದ್ಧ ದಿಕ್ಕಿನಲ್ಲಿ ತೋರಿಸಲೇಬೇಕು. ಕ್ರಿಯೆ ಮತ್ತು ಪ್ರತಿಕ್ರಿಯೆ ಎರಡನ್ನೂ ಒಂದೇ ವಸ್ತುವಿನ ಮೇಲೆ ಬರೆದು, ಎರಡೂ ಒಂದನ್ನೊಂದು ರದ್ದು ಮಾಡಿದವೆಂದು ಹೊಡೆದುಹಾಕಿದ ಉತ್ತರಪತ್ರಿಕೆಗಳು ಪ್ರತಿವರ್ಷ ಬರುತ್ತವೆ. ನ್ಯೂಟನ್ನನ ಮೂರನೆಯ ನಿಯಮದ ಎರಡು ಬಲಗಳು ಎಂದಿಗೂ ಒಂದೇ ವಸ್ತುವಿನ ಮೇಲೆ ಇರುವುದಿಲ್ಲ.

## ಹಂತ 2: ಆಧಾರಗಳನ್ನು ಕಿತ್ತು, ಅವುಗಳ ಜಾಗದಲ್ಲಿ ಬಲಗಳನ್ನು ಇಡುವುದು

ಫ್ರೀ ಬಾಡಿ ಡಯಾಗ್ರಾಮ್ (ಎಫ್‌ಬಿಡಿ) ಎಂಬ ಚಿತ್ರದಲ್ಲಿ ವಸ್ತು ಒಂಟಿಯಾಗಿ ನಿಲ್ಲಬೇಕು. ಹಿಂಜಿನ ತ್ರಿಕೋನ, ರೋಲರಿನ ವೃತ್ತ, ಗೋಡೆಯ ಅಡ್ಡಗೆರೆ ಯಾವುದೂ ಅದರಲ್ಲಿ ಉಳಿಯಬಾರದು. ಪ್ರಶ್ನೆಪತ್ರಿಕೆಯ ಚಿತ್ರದ ಮೇಲೆಯೇ ನಾಲ್ಕು ಬಾಣ ಎಳೆದು ಅದನ್ನೇ ಎಫ್‌ಬಿಡಿ ಎಂದು ಕರೆಯುವ ಅಭ್ಯಾಸವಿದ್ದರೆ ಇಂದೇ ಬಿಟ್ಟುಬಿಡಿ; ಆಧಾರದ ಗುರುತು ಉಳಿದಿರುವವರೆಗೂ ಅದರ ಬಲವನ್ನು ಬರೆದಾಯಿತೋ ಇಲ್ಲವೋ ಎಂದು ಕಣ್ಣಿಗೆ ತಿಳಿಯುವುದಿಲ್ಲ.

ಆಧಾರ ಯಾವ ಚಲನೆಯನ್ನು ತಡೆಯುತ್ತದೆಯೋ ಆ ದಿಕ್ಕಿನಲ್ಲಿ ಮಾತ್ರ ಪ್ರತಿಕ್ರಿಯೆ ಇರುತ್ತದೆ. ಈ ಒಂದು ಪ್ರಶ್ನೆಯನ್ನು ಪ್ರತಿ ಆಧಾರದ ಎದುರು ನಿಂತು ಕೇಳಿದರೆ ಕೋಷ್ಟಕವನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ರೋಲರ್ ಆಧಾರವು ತಾನು ನಿಂತ ಮೇಲ್ಮೈಯೊಳಕ್ಕೆ ತೊಲೆ ಇಳಿಯುವುದನ್ನು ತಡೆಯುತ್ತದೆ. ಮೇಲ್ಮೈಯ ಉದ್ದಕ್ಕೆ ಉರುಳುವುದನ್ನು ತಡೆಯುವುದಿಲ್ಲ. ಆದ್ದರಿಂದ ಅದರ ಪ್ರತಿಕ್ರಿಯೆ ಒಂದೇ, ಅದು ಮೇಲ್ಮೈಗೆ ಲಂಬಕೋನದಲ್ಲಿರುತ್ತದೆ. ರೋಲರ್ 30 ಡಿಗ್ರಿ ಇಳಿಜಾರಿನ ಮೇಲೆ ನಿಂತಿದ್ದರೆ ಪ್ರತಿಕ್ರಿಯೆ ನೇರ ಮೇಲಕ್ಕೆ ಇರುವುದಿಲ್ಲ, ಇಳಿಜಾರಿಗೆ 90 ಡಿಗ್ರಿಯಲ್ಲಿ, ಅಂದರೆ ನೇರ ಮೇಲಿನ ದಿಕ್ಕಿನಿಂದ 30 ಡಿಗ್ರಿ ವಾಲಿಕೊಂಡಿರುತ್ತದೆ. "ರೋಲರ್ ಎಂದರೆ ಮೇಲಕ್ಕೆ ಬಾಣ" ಎಂದು ಕಲಿತವರು ಇಲ್ಲಿ ಬೀಳುತ್ತಾರೆ.

ಹಿಂಜ್ ಆಧಾರವು ಅಡ್ಡಕ್ಕೂ ಮೇಲಕ್ಕೂ ಕೆಳಕ್ಕೂ ಜರುಗಲು ಬಿಡುವುದಿಲ್ಲ, ತಿರುಗಲು ಮಾತ್ರ ಬಿಡುತ್ತದೆ. ಆದ್ದರಿಂದ ಎರಡು ಅಜ್ಞಾತಗಳು. ಗೋಡೆಯಲ್ಲಿ ಹೂತ ತುದಿ ತಿರುಗುವುದನ್ನೂ ತಡೆಯುವುದರಿಂದ ಅಲ್ಲಿ ಎರಡು ಬಲಗಳ ಜೊತೆಗೆ ಒಂದು ಮೊಮೆಂಟ್ ಸೇರಿ ಮೂರು. ಕಿಟಕಿಯ ಮೇಲಿನ ಸಜ್ಜಾ ಇದಕ್ಕೆ ನಿತ್ಯ ಕಾಣುವ ಉದಾಹರಣೆ. 1 ಮೀಟರ್ ಹೊರಚಾಚಿದ ಸಜ್ಜಾದ ಮೇಲೆ ಪ್ರತಿ ಮೀಟರಿಗೆ 3 ಕಿಲೋನ್ಯೂಟನ್ ಭಾರವಿದ್ದರೆ ಗೋಡೆ 3 ಕಿಲೋನ್ಯೂಟನ್ ಮೇಲಕ್ಕೆ ಕೊಟ್ಟರೆ ಸಾಲದು; 3 × 0.5 = 1.5 ಕಿಲೋನ್ಯೂಟನ್-ಮೀಟರ್ ಮೊಮೆಂಟನ್ನೂ ಕೊಡಬೇಕು, ಇಲ್ಲದಿದ್ದರೆ ಸಜ್ಜಾ ಗೋಡೆಯ ಅಂಚಿನಲ್ಲಿ ಮಗುಚಿಕೊಳ್ಳುತ್ತದೆ. ಹೂತ ತುದಿಯ ಮೊಮೆಂಟನ್ನು ಮರೆಯುವುದು ಈ ಹಂತದ ಅತಿ ದುಬಾರಿ ತಪ್ಪು.

ಹಗ್ಗ ಎಳೆಯಬಲ್ಲದು, ತಳ್ಳಲಾರದು. ಆದ್ದರಿಂದ ಅದರ ಬಾಣ ಯಾವಾಗಲೂ ವಸ್ತುವಿನಿಂದ ಹೊರಕ್ಕೆ, ಹಗ್ಗದ ಉದ್ದಕ್ಕೇ ಇರುತ್ತದೆ. ನುಣುಪಾದ ಮೇಲ್ಮೈ ತಳ್ಳಬಲ್ಲದು, ಎಳೆಯಲಾರದು. ಒಂದು ಸರಳು ಮೂಲೆಯೊಂದರ ಅಂಚಿಗೆ ಒರಗಿದ್ದರೆ ಪ್ರತಿಕ್ರಿಯೆ ಸರಳಿಗೆ ಲಂಬಕೋನದಲ್ಲಿರುತ್ತದೆ. ಗೋಳ ಅಥವಾ ಸಿಲಿಂಡರ್ ನುಣುಪಾದ ಗೋಡೆಗೆ ತಗಲಿದ್ದರೆ ಪ್ರತಿಕ್ರಿಯೆ ಅದರ ಕೇಂದ್ರದ ಮೂಲಕ ಹಾಯುತ್ತದೆ. ಎರಡೂ ತುದಿಯಲ್ಲಿ ಪಿನ್ ಇದ್ದು, ನಡುವೆ ಯಾವ ಭಾರವೂ ಇಲ್ಲದ, ತೂಕವನ್ನು ಲೆಕ್ಕಕ್ಕೆ ಹಿಡಿಯದ ಸರಳಿನಲ್ಲಿ ಬಲವು ಎರಡು ಪಿನ್ನುಗಳನ್ನು ಸೇರಿಸುವ ರೇಖೆಯಲ್ಲೇ ಇರಬೇಕು. ಇಂಥ ಸರಳನ್ನು ಮೊದಲೇ ಗುರುತಿಸಿದರೆ ಅದು ಹಿಡಿದಿರುವ ಪಿನ್ನಿನಲ್ಲಿ ಎರಡರ ಬದಲು ಒಂದೇ ಅಜ್ಞಾತ ಉಳಿಯುತ್ತದೆ.

ನಮ್ಮ ತೊಲೆಗೆ ಬರೋಣ. ಎ ಬಿಂದುವಿನಲ್ಲಿ ಬಲಮುಖವಾದ ಅಡ್ಡ ಬಲಕ್ಕೆ ಹ ಎಂದೂ ಮೇಲ್ಮುಖವಾದ ಬಲಕ್ಕೆ ವ ಎಂದೂ ಬಿ ಬಿಂದುವಿನ ಮೇಲ್ಮುಖ ಬಲಕ್ಕೆ ರ ಎಂದೂ ಹೆಸರಿಡೋಣ. ದಿಕ್ಕು ಸರಿಯೋ ತಪ್ಪೋ ಎಂದು ಈಗ ಯೋಚಿಸುತ್ತ ಕೂರಬೇಕಾಗಿಲ್ಲ. ಊಹೆ ತಪ್ಪಿದ್ದರೆ ಉತ್ತರ ಋಣಸಂಖ್ಯೆಯಾಗಿ ಬರುತ್ತದೆ. ಊಹಿಸಿದ ದಿಕ್ಕನ್ನು ಲೆಕ್ಕದ ನಡುವೆ ಬದಲಾಯಿಸಬಾರದು ಎಂಬುದಷ್ಟೇ ಮುಖ್ಯ.

## ಹಂತ 3: ಭಾರಗಳನ್ನು ಚಿತ್ರಕ್ಕೆ ಇಳಿಸುವುದು

ಬಿಂದು ಭಾರಗಳು ಹೇಗಿವೆಯೋ ಹಾಗೇ ಬರುತ್ತವೆ. ವಸ್ತುವಿನ ತೂಕ ಅದರ ಗುರುತ್ವಕೇಂದ್ರದಿಂದ ನೇರ ಕೆಳಕ್ಕೆ ಬರುತ್ತದೆ. ವಸ್ತು ಇಳಿಜಾರಿನ ಮೇಲಿದ್ದರೂ ತೂಕದ ಬಾಣ ಇಳಿಜಾರಿಗೆ ಲಂಬಕೋನದಲ್ಲಿ ತಿರುಗುವುದಿಲ್ಲ.

ಹಂಚಿಕೆಯ ಭಾರಗಳಿಗೆ ಬದಲಿ ಬಲ ಬೇಕು. ಸಮಹಂಚಿಕೆಯ ಭಾರವಾದರೆ ತೀವ್ರತೆಯನ್ನು ಉದ್ದದಿಂದ ಗುಣಿಸಿ, ಆ ಭಾರ ಹರಡಿರುವ ಉದ್ದದ ನಡುವೆ ಇಡಬೇಕು. ನಮ್ಮಲ್ಲಿ 4 × 3 = 12 ಕಿಲೋನ್ಯೂಟನ್, ಎ ಬಿಂದುವಿನಿಂದ 1.5 ಮೀಟರ್ ದೂರದಲ್ಲಿ. ಭಾರ ಎ ಬಿಂದುವಿನಿಂದ 2 ಮೀಟರ್ ಬಿಟ್ಟು ಆರಂಭವಾಗಿ 3 ಮೀಟರ್ ಹರಡಿದ್ದರೆ ದೂರ 1.5 ಆಗುವುದಿಲ್ಲ, 2 + 1.5 = 3.5 ಮೀಟರ್ ಆಗುತ್ತದೆ. ತ್ರಿಕೋನಾಕಾರದ ಭಾರವಾದರೆ ಒಟ್ಟು ಬಲ ಗರಿಷ್ಠ ತೀವ್ರತೆ ಮತ್ತು ಉದ್ದಗಳ ಗುಣಲಬ್ಧದ ಅರ್ಧ. ಅದು ಹೆಚ್ಚು ತೀವ್ರತೆಯಿರುವ ತುದಿಯಿಂದ ಮೂರನೇ ಒಂದು ಭಾಗದಲ್ಲಿರುತ್ತದೆ. 3 ಮೀಟರ್ ಉದ್ದಕ್ಕೆ ಸೊನ್ನೆಯಿಂದ 6 ಕಿಲೋನ್ಯೂಟನ್ ಪ್ರತಿ ಮೀಟರಿಗೆ ಏರುವ ಭಾರಕ್ಕೆ ಬದಲಿ ಬಲ 9 ಕಿಲೋನ್ಯೂಟನ್, ಎತ್ತರದ ತುದಿಯಿಂದ 1 ಮೀಟರ್ ಒಳಗೆ. ಟ್ರೆಪೀಜಿಯಮ್ ಆಕಾರ ಬಂದರೆ ಆಯತ ಮತ್ತು ತ್ರಿಕೋನ ಎಂದು ಒಡೆದು ಎರಡು ಬಾಣ ಹಾಕುವುದೇ ಒಳ್ಳೆಯದು. ಒಂದೇ ಸೂತ್ರದಲ್ಲಿ ಮುಗಿಸಲು ಹೋಗಿ ಕೆಡಿಸಿಕೊಳ್ಳುವವರು ಹೆಚ್ಚು.

ಇಲ್ಲೊಂದು ಎಚ್ಚರಿಕೆ ಬೇಕು, ಏಕೆಂದರೆ ಇದರ ಫಲ ಮುಂದಿನ ಸೆಮಿಸ್ಟರಿನಲ್ಲಿ ಕಾಣಿಸುತ್ತದೆ. ಈ ಬದಲಿ ಬಲವು ಇಡೀ ತೊಲೆಯ ಪ್ರತಿಕ್ರಿಯೆ ಕಂಡುಹಿಡಿಯಲು ಮಾತ್ರ ಸರಿ. ತೊಲೆಯನ್ನು ಹರಡಿದ ಭಾರದ ನಡುವೆ ಕತ್ತರಿಸಿ ಅಲ್ಲಿಯ ಬಾಗು ಮೊಮೆಂಟ್ ಕೇಳಿದಾಗ, ಕತ್ತರಿಸಿದ ಭಾಗದ ಮೇಲಿರುವ ಭಾರವನ್ನು ಮಾತ್ರ ಹೊಸದಾಗಿ ಲೆಕ್ಕ ಹಾಕಬೇಕು. ನಮ್ಮ ತೊಲೆಯನ್ನು ಎ ಬಿಂದುವಿನಿಂದ 2 ಮೀಟರಿನಲ್ಲಿ ಕತ್ತರಿಸಿದರೆ ಎಡಭಾಗದ ಮೇಲಿರುವುದು 8 ಕಿಲೋನ್ಯೂಟನ್, 12 ಅಲ್ಲ. ಮುಂದೆ ನಾವೇ ಕಾಣಲಿರುವಂತೆ ವ = 12.77 ಆಗಿರುವುದರಿಂದ ಸರಿಯಾದ ಬಾಗು ಮೊಮೆಂಟ್ 12.77 × 2 − 8 × 1 = 17.54 ಕಿಲೋನ್ಯೂಟನ್-ಮೀಟರ್. 12ನ್ನೇ 1.5 ಮೀಟರಿನಲ್ಲಿ ಇಟ್ಟುಕೊಂಡವರಿಗೆ 19.54 ಬರುತ್ತದೆ.

ಲೆಕ್ಕದಲ್ಲಿ ಬಲಯುಗ್ಮ, ಅಂದರೆ ಸಮಪ್ರಮಾಣದ, ವಿರುದ್ಧ ದಿಕ್ಕಿನ ಎರಡು ಸಮಾಂತರ ಬಲಗಳ ಜೋಡಿ, ಕೊಟ್ಟಿದ್ದರೆ ಅದನ್ನು ಬಾಗಿದ ಬಾಣವಾಗಿ ಮಾತ್ರ ತೋರಿಸಿರಿ. ಯಾವ ಬಿಂದುವಿನ ಸುತ್ತ ತೆಗೆದುಕೊಂಡರೂ ಅದರ ಮೊಮೆಂಟ್ ಅಷ್ಟೇ. ಅದನ್ನು ದೂರದಿಂದ ಗುಣಿಸಬಾರದು, ಬಲಗಳ ಮೊತ್ತದಲ್ಲಿ ಸೇರಿಸಲೂಬಾರದು.

## ಹಂತ 4: ಅಜ್ಞಾತಗಳನ್ನು ಎಣಿಸುವುದು

ಈಗ ಎರಡನೆಯ ಬಣ್ಣದ ಬಾಣಗಳನ್ನು ಎಣಿಸಿರಿ. ಒಂದೇ ಸಮತಲದಲ್ಲಿರುವ ಬಲಗಳಿಗೆ ಒಂದು ವಸ್ತುವಿಗೆ ಮೂರು ಸ್ವತಂತ್ರ ಸಮೀಕರಣಗಳಿವೆ. ನಮ್ಮಲ್ಲಿ ಹ, ವ, ರ ಮೂರೇ ಅಜ್ಞಾತಗಳಿರುವುದರಿಂದ ಮುಂದುವರಿಯಬಹುದು. ನಾಲ್ಕು ಬಂದರೆ ಲೆಕ್ಕ ಸಮತೋಲನದ ನಿಯಮಗಳಿಂದಷ್ಟೇ ಬಿಡಿಸಲು ಬರುವಂಥದ್ದಲ್ಲ, ಅಥವಾ ನೀವು ಒಂದು ಪಿನ್ನಿನಲ್ಲಿ ವಸ್ತುವನ್ನು ಬಿಡಿಸಬೇಕಿತ್ತು, ಅಥವಾ ರೋಲರಿಗೆ ಎರಡು ಬಾಣ ಹಾಕಿದ್ದೀರಿ. ಮೊದಲ ವರ್ಷದ ಲೆಕ್ಕಗಳಲ್ಲಿ ಬಹುತೇಕ ಕಾರಣ ಕೊನೆಯದೇ ಆಗಿರುತ್ತದೆ.

ಎಣಿಕೆ ಮೂರಿದ್ದರೂ ಸಾಲದ ಸಂದರ್ಭವೊಂದಿದೆ. ಮೂರು ಪ್ರತಿಕ್ರಿಯೆಗಳೂ ಪರಸ್ಪರ ಸಮಾಂತರವಾಗಿದ್ದರೆ, ಉದಾಹರಣೆಗೆ ಮೂರು ರೋಲರುಗಳ ಮೇಲೆ ಕುಳಿತ ತೊಲೆಯಲ್ಲಿ, ಅಡ್ಡಕ್ಕೆ ತಳ್ಳಿದರೆ ತಡೆಯುವವರೇ ಇಲ್ಲ. ಮೂರೂ ಒಂದೇ ಬಿಂದುವಿನಲ್ಲಿ ಸಂಧಿಸಿದರೆ ಆ ಬಿಂದುವಿನ ಸುತ್ತ ತಿರುಗುವುದನ್ನು ತಡೆಯುವ ಬಲವಿಲ್ಲ.

ಎಲ್ಲ ಬಲಗಳೂ ಒಂದೇ ಬಿಂದುವಿನಲ್ಲಿ ಸೇರುವ ಲೆಕ್ಕಗಳಲ್ಲಿ ಮೊಮೆಂಟ್ ಸಮೀಕರಣ ಹೊಸದೇನನ್ನೂ ಹೇಳುವುದಿಲ್ಲ. ಎರಡೇ ಸಮೀಕರಣ, ಎರಡೇ ಅಜ್ಞಾತ. ಎರಡು ಕಂಬಗಳ ನಡುವೆ ಕಟ್ಟಿದ ಹಗ್ಗದ ಮಧ್ಯದಲ್ಲಿ 100 ನ್ಯೂಟನ್ ತೂಗಿದರೆ ಎರಡು ಬದಿಗೂ 50–50 ಎಂದು ಹಂಚಿಬಿಡುವ ಅವಸರ ಇಲ್ಲಿ ಕಾಣುತ್ತದೆ. ಹಗ್ಗ ಅಡ್ಡರೇಖೆಯಿಂದ 30 ಡಿಗ್ರಿ ಇಳಿದಿದ್ದರೆ ಎಳೆತ 50 ÷ ಸೈನ್ 30, ಅಂದರೆ ಪ್ರತಿ ಬದಿಗೂ 100 ನ್ಯೂಟನ್. 5 ಡಿಗ್ರಿಗೆ ಬಿಗಿದರೆ ಅದು 574 ನ್ಯೂಟನ್‌ಗೆ ಏರುತ್ತದೆ, 1 ಡಿಗ್ರಿಗೆ ಬಿಗಿದರೆ 2865. ಬಟ್ಟೆ ಒಣಹಾಕುವ ಹಗ್ಗವನ್ನು ಸ್ವಲ್ಪವೂ ಜೋಲದಂತೆ ಬಿಗಿಯುವುದು ಯಾರಿಂದಲೂ ಆಗದು ಎಂಬುದರ ಲೆಕ್ಕ ಇದೇ. ಇಂಥಲ್ಲಿ, ಪ್ರತಿ ಬಲವೂ ಉಳಿದೆರಡರ ನಡುವಿನ ಕೋನದ ಸೈನ್‌ಗೆ ಅನುಪಾತದಲ್ಲಿರುತ್ತದೆ ಎನ್ನುವ ಲ್ಯಾಮಿಯ ಪ್ರಮೇಯ ಬೇಗ ಉತ್ತರ ಕೊಡುತ್ತದೆ, ಆದರೆ ಅದು ಸಮತೋಲನದಲ್ಲಿರುವ ಮೂರು ಬಲಗಳಿಗೆ ಮಾತ್ರ. ಮೂರು ಬಾಣಗಳೂ ಆ ಬಿಂದುವಿನಿಂದ ಹೊರಕ್ಕೆ ಇರುವಂತೆ ಎಳೆದ ಬಳಿಕವೇ ನಡುವಿನ ಕೋನಗಳನ್ನು ಅಳೆಯಬೇಕು. ಮೂರು ಕೋನಗಳ ಮೊತ್ತ 360 ಬಾರದಿದ್ದರೆ ಅಲ್ಲಿಗೇ ನಿಲ್ಲಿರಿ.

## ಹಂತ 5: ಓರೆ ಬಲಗಳನ್ನು ಒಡೆಯುವುದು

ಕೋನವನ್ನು ಯಾವ ರೇಖೆಯಿಂದ ಅಳೆದಿದ್ದಾರೆ ಎಂದು ಮೊದಲು ನೋಡಿರಿ. ಕೋನವು ತಾಗಿಕೊಂಡಿರುವ ರೇಖೆಯ ದಿಕ್ಕಿನ ಘಟಕಕ್ಕೆ ಕೊಸೈನ್, ಇನ್ನೊಂದಕ್ಕೆ ಸೈನ್. "ಅಡ್ಡಕ್ಕೆ ಯಾವಾಗಲೂ ಕೊಸೈನ್" ಎಂದು ಕಲಿತದ್ದು ಲಂಬರೇಖೆಯಿಂದ ಅಳೆದ ಕೋನ ಬಂದ ದಿನ ಕೈಕೊಡುತ್ತದೆ.

ನಮ್ಮ 20 ಕಿಲೋನ್ಯೂಟನ್ ಬಲ ತೊಲೆಗೆ, ಅಂದರೆ ಅಡ್ಡರೇಖೆಗೆ 60 ಡಿಗ್ರಿಯಲ್ಲಿದೆ. ಅಡ್ಡ ಘಟಕ 20 × ಕೊಸೈನ್ 60 = 10 ಕಿಲೋನ್ಯೂಟನ್, ಎಡಕ್ಕೆ. ಲಂಬ ಘಟಕ 20 × ಸೈನ್ 60 = 17.32 ಕಿಲೋನ್ಯೂಟನ್, ಕೆಳಕ್ಕೆ. ಅನುಮಾನ ಬಂದರೆ ಕೋನವನ್ನು ಮನಸ್ಸಿನಲ್ಲಿ 90ಕ್ಕೆ ಏರಿಸಿ ನೋಡಿರಿ: ಆಗ ಬಲ ಪೂರ್ತಿ ಕೆಳಮುಖವಾಗುತ್ತದೆ, ಸೈನ್ 90 ಎಂದರೆ 1, ಆದ್ದರಿಂದ ಲಂಬ ಘಟಕಕ್ಕೆ ಸೈನ್ ಸರಿ. ಘಟಕಗಳನ್ನು ಚಿತ್ರದಲ್ಲಿ ಬರೆದ ಮೇಲೆ ಮೂಲ ಓರೆ ಬಾಣವನ್ನು ಅಡ್ಡಗೀಟು ಹಾಕಿ ತೆಗೆಯಿರಿ. ಎರಡನ್ನೂ ಉಳಿಸಿಕೊಂಡರೆ ಅದೇ ಬಲವನ್ನು ಎರಡು ಸಲ ಲೆಕ್ಕ ಹಾಕುವ ಅಪಾಯವಿದೆ.

## ಹಂತ 6: ಸಮೀಕರಣಗಳನ್ನು ಬರೆಯುವ ಕ್ರಮ

ಮೊಮೆಂಟ್ ಸಮೀಕರಣ ಮೊದಲು. ಅತಿ ಹೆಚ್ಚು ಅಜ್ಞಾತ ಬಲಗಳು ಹಾದುಹೋಗುವ ಬಿಂದುವನ್ನು ಆರಿಸಿಕೊಂಡರೆ ಅವೆಲ್ಲ ಸಮೀಕರಣದಿಂದ ತಾವಾಗಿಯೇ ಬಿದ್ದುಹೋಗುತ್ತವೆ. ನಮ್ಮಲ್ಲಿ ಅದು ಎ ಬಿಂದು. ಹ ಮತ್ತು ವ ಎರಡೂ ಅದರ ಮೂಲಕ ಹೋಗುತ್ತವೆ. 10 ಕಿಲೋನ್ಯೂಟನ್ ಅಡ್ಡ ಘಟಕದ ಕ್ರಿಯಾರೇಖೆಯೂ ತೊಲೆಯ ಉದ್ದಕ್ಕೇ ಸಾಗಿ ಎ ಬಿಂದುವನ್ನು ಮುಟ್ಟುವುದರಿಂದ ಅದಕ್ಕೂ ಮೊಮೆಂಟ್ ಇಲ್ಲ. ಮೊಮೆಂಟಿಗೆ ಬೇಕಾದ ದೂರವೆಂದರೆ ಆರಿಸಿದ ಬಿಂದುವಿನಿಂದ ಬಲದ ಕ್ರಿಯಾರೇಖೆಗೆ ಲಂಬಕೋನದಲ್ಲಿ ಅಳೆದ ದೂರ. ಬಲ ತಗಲಿದ ಜಾಗಕ್ಕೆ ಇರುವ ದೂರವನ್ನು ಹಾಗೇ ಗುಣಿಸಿಬಿಡುವುದು ಓರೆ ಬಲಗಳಲ್ಲಿ ಪದೇ ಪದೇ ಆಗುವ ತಪ್ಪು. ಮೊದಲೇ ಘಟಕಗಳಾಗಿ ಒಡೆದವರಿಗೆ ಆ ಭಯವಿಲ್ಲ.

ಅಪ್ರದಕ್ಷಿಣ ದಿಕ್ಕನ್ನು ಧನವೆಂದು ಹಾಳೆಯ ಮೇಲೆ ಬರೆದಿಟ್ಟುಕೊಂಡು ಮುಂದುವರಿಯೋಣ.

ರ × 6 − 12 × 1.5 − 17.32 × 4 − 6 × 8 = 0

ರ × 6 = 18 + 69.28 + 48 = 135.28

ರ = 22.55 ಕಿಲೋನ್ಯೂಟನ್, ಮೇಲಕ್ಕೆ

ನಂತರ ಲಂಬ ಬಲಗಳು: ವ + 22.55 = 12 + 17.32 + 6 = 35.32, ಆದ್ದರಿಂದ ವ = 12.77 ಕಿಲೋನ್ಯೂಟನ್, ಮೇಲಕ್ಕೆ. ಕೊನೆಗೆ ಅಡ್ಡ ಬಲಗಳು: ಹ − 10 = 0, ಆದ್ದರಿಂದ ಹ = 10 ಕಿಲೋನ್ಯೂಟನ್, ಬಲಕ್ಕೆ. ಎ ಬಿಂದುವಿನ ಒಟ್ಟು ಪ್ರತಿಕ್ರಿಯೆ ಕೇಳಿದ್ದರೆ 10 ಮತ್ತು 12.77ರ ವರ್ಗಗಳ ಮೊತ್ತದ ವರ್ಗಮೂಲ 16.22 ಕಿಲೋನ್ಯೂಟನ್, ಅದು ಅಡ್ಡರೇಖೆಯಿಂದ ಸುಮಾರು 51.9 ಡಿಗ್ರಿ ಮೇಲಕ್ಕಿದೆ. ಹ ಮತ್ತು ವ ಎರಡನ್ನೂ ನೇರವಾಗಿ ಕೂಡಿ 22.77 ಎಂದು ಬರೆದರೆ ಅಂಕ ಹೋಯಿತು.

ನಡುವಿನ ಉತ್ತರಗಳನ್ನು ನಾಲ್ಕು ಅಂಕಿಗಳಿಗಾದರೂ ಉಳಿಸಿಕೊಳ್ಳಿರಿ. 22.55ನ್ನು 23 ಎಂದು ಮಾಡಿ ಮುಂದೆ ಹೋದರೆ ಮುಂದಿನ ಹಂತದ ಪರೀಕ್ಷೆಯಲ್ಲಿ ತಪ್ಪು ಎಲ್ಲಿಂದ ಬಂತೆಂದು ತಿಳಿಯುವುದೇ ಇಲ್ಲ.

## ಹಂತ 7: ಮರುಪರೀಕ್ಷೆ, ಮತ್ತು ಅದು ಹಿಡಿಯದ ತಪ್ಪುಗಳು

ಇನ್ನೂ ಬಳಸದ ಬಿಂದುವೊಂದರ ಸುತ್ತ ಮೊಮೆಂಟ್ ತೆಗೆಯಿರಿ. ಬಿ ಬಿಂದುವನ್ನು ತೆಗೆದುಕೊಂಡರೆ ಪ್ರದಕ್ಷಿಣವಾಗಿ ತಿರುಗಿಸುವವು 12.77 × 6 = 76.62 ಮತ್ತು 6 × 2 = 12, ಒಟ್ಟು 88.62. ಅಪ್ರದಕ್ಷಿಣವಾಗಿ ತಿರುಗಿಸುವವು 12 × 4.5 = 54 ಮತ್ತು 17.32 × 2 = 34.64, ಒಟ್ಟು 88.64. ಇಷ್ಟು ಸಣ್ಣ ವ್ಯತ್ಯಾಸ ದಶಮಾಂಶ ಕತ್ತರಿಸಿದ್ದರಿಂದ ಬಂದದ್ದು, ಲೆಕ್ಕ ಸರಿಯಿದೆ.

ಆದರೆ ಈ ಪರೀಕ್ಷೆಯನ್ನು ಅತಿಯಾಗಿ ನಂಬಬೇಡಿ. ಹಂತ 5ರಲ್ಲಿ ಸೈನ್ ಮತ್ತು ಕೊಸೈನ್ ಅದಲುಬದಲಾಗಿ ಲಂಬ ಘಟಕ 10 ಎಂದು ಬರೆದಿದ್ದೀರಿ ಎಂದಿಟ್ಟುಕೊಳ್ಳಿ. ಆಗ ರ = 106 ÷ 6 = 17.67, ವ = 10.33 ಬರುತ್ತವೆ. ಬಿ ಬಿಂದುವಿನ ಸುತ್ತ ಪರೀಕ್ಷಿಸಿದರೆ 10.33 × 6 + 12 = 73.98, ಇನ್ನೊಂದು ಕಡೆ 54 + 20 = 74. ಪರೀಕ್ಷೆ ಪಾಸಾಗುತ್ತದೆ, ಉತ್ತರ ತಪ್ಪಾಗಿಯೇ ಉಳಿಯುತ್ತದೆ. ಮರುಪರೀಕ್ಷೆ ಹಿಡಿಯುವುದು ಕೂಡುವ, ಕಳೆಯುವ ತಪ್ಪುಗಳನ್ನು ಮಾತ್ರ. ಚಿತ್ರದಲ್ಲೇ ತಪ್ಪು ಬಲವಿದ್ದರೆ ಸಮೀಕರಣಗಳು ಆ ತಪ್ಪು ಚಿತ್ರವನ್ನೇ ನಿಷ್ಠೆಯಿಂದ ಬಿಡಿಸಿಕೊಡುತ್ತವೆ. ಆದ್ದರಿಂದ ಸಂಖ್ಯೆಗಳನ್ನು ಪರೀಕ್ಷಿಸಿದ ಮೇಲೆ ಪ್ರಶ್ನೆಯ ಚಿತ್ರವನ್ನೂ ನಿಮ್ಮ ಎಫ್‌ಬಿಡಿಯನ್ನೂ ಅಕ್ಕಪಕ್ಕ ಇಟ್ಟು, ಪ್ರಶ್ನೆಯ ಒಂದೊಂದು ಅಂಶಕ್ಕೂ ಬೆರಳಿಟ್ಟು ನಿಮ್ಮ ಚಿತ್ರದಲ್ಲಿ ಅದರ ಬಾಣವಿದೆಯೇ ಎಂದು ನೋಡುವುದೇ ನಿಜವಾದ ಪರೀಕ್ಷೆ.

ಅಪಾಯದ ಸೂಚನೆಗಳು ಕೆಲವಿವೆ. ಹೊರಚಾಚು ಇಲ್ಲದ, ಬಲಯುಗ್ಮವಿಲ್ಲದ, ಎಲ್ಲ ಭಾರಗಳೂ ಕೆಳಮುಖವಾಗಿರುವ ಸರಳ ತೊಲೆಯಲ್ಲಿ ಯಾವುದೇ ಒಂದು ಲಂಬ ಪ್ರತಿಕ್ರಿಯೆ ಒಟ್ಟು ಭಾರಕ್ಕಿಂತ ಹೆಚ್ಚಾಗಿ ಬಂದರೆ ಅಥವಾ ಋಣಸಂಖ್ಯೆಯಾಗಿ ಬಂದರೆ ಎಲ್ಲೋ ತಪ್ಪಿದೆ. ಭಾರ ಹತ್ತಿರವಿರುವ ಆಧಾರಕ್ಕೆ ಕಡಿಮೆ ಪಾಲು ಬಂದಿದ್ದರೂ ಅನುಮಾನಿಸಬೇಕು. ಹಗ್ಗದ ಎಳೆತ ಋಣಸಂಖ್ಯೆಯಾಗಿ ಬಂದರೆ ಆ ಹಗ್ಗ ಸಡಿಲಾಗಿದೆ ಎಂದರ್ಥ; ಲೆಕ್ಕವನ್ನು ಆ ಹಗ್ಗವಿಲ್ಲದೆ ಮತ್ತೆ ಬಿಡಿಸಬೇಕು.

ಹೊರಚಾಚಿದ ತೊಲೆಯಲ್ಲಿ ಋಣಸಂಖ್ಯೆ ತಪ್ಪೇ ಆಗಬೇಕೆಂದಿಲ್ಲ. ಸಿ ಬಿಂದುವಿನ ಭಾರವನ್ನು ಏರಿಸುತ್ತಾ ಹೋದರೆ ವ ಇಳಿಯುತ್ತದೆ. ಬಿ ಬಿಂದುವಿನ ಸುತ್ತ ನೋಡಿದರೆ, ಒಳಭಾಗದ ಭಾರಗಳು ಕೊಡುವ 88.64ನ್ನು ಸಿ ಬಿಂದುವಿನ ಭಾರ × 2 ಸರಿಗಟ್ಟುವುದು 44.32 ಕಿಲೋನ್ಯೂಟನ್‌ನಲ್ಲಿ. ಅದಕ್ಕಿಂತ ಹೆಚ್ಚಾದರೆ ಎಡತುದಿ ಮೇಲೇಳಲು ನೋಡುತ್ತದೆ, ಹಿಂಜು ಅದನ್ನು ಕೆಳಕ್ಕೆ ಎಳೆದು ಹಿಡಿಯಬೇಕಾಗುತ್ತದೆ. ಋಣಚಿಹ್ನೆಯನ್ನು ಅಳಿಸಿ "ಮೇಲಕ್ಕೆ" ಎಂದು ಬರೆಯಬೇಡಿ. "ಕೆಳಕ್ಕೆ" ಎಂದು ಬರೆಯಿರಿ. ಕಟ್ಟಡದಲ್ಲಿ ಆ ಒಂದು ಪದದ ಮೇಲೆ ಎಡತುದಿಯನ್ನು ಸುಮ್ಮನೆ ಗೋಡೆಯ ಮೇಲೆ ಕೂರಿಸಬಹುದೇ, ಬೋಲ್ಟ್ ಹಾಕಿ ಬಿಗಿಯಬೇಕೇ ಎಂಬುದು ನಿಂತಿದೆ.

## ಹಂತ 8: ಘರ್ಷಣೆ ಬಂದಾಗ

ಘರ್ಷಣೆಯಿರುವ ಲೆಕ್ಕಗಳಿಗೂ ಇದೇ ಕ್ರಮ. ಹೊಸದಾಗಿ ಸೇರುವುದು ಒಂದು ಬಾಣ ಮತ್ತು ಒಂದು ಷರತ್ತು. ಘರ್ಷಣೆಯ ಬಲ ಗುಣಾಂಕ ಮತ್ತು ಲಂಬಕೋನದ ಪ್ರತಿಕ್ರಿಯೆಗಳ ಗುಣಲಬ್ಧಕ್ಕೆ ಸಮ ಎಂಬುದು ವಸ್ತು ಜಾರುವ ಅಂಚಿನಲ್ಲಿದ್ದಾಗ ಮಾತ್ರ ನಿಜ. ಉಳಿದ ಹೊತ್ತಿನಲ್ಲಿ ಆ ಗುಣಲಬ್ಧವು ಘರ್ಷಣೆ ಏರಬಲ್ಲ ಗರಿಷ್ಠ ಮಿತಿ, ಅಷ್ಟೇ. ಸಮತೋಲನಕ್ಕೆ ಎಷ್ಟು ಬೇಕೋ ಅಷ್ಟು ಮಾತ್ರ ಘರ್ಷಣೆ ಹುಟ್ಟುತ್ತದೆ.

5 ಮೀಟರ್ ಉದ್ದದ, 200 ನ್ಯೂಟನ್ ತೂಕದ ಏಣಿಯನ್ನು ನುಣುಪಾದ ಗೋಡೆಗೆ ಒರಗಿಸಿದೆ. ಬುಡ ಗೋಡೆಯಿಂದ 3 ಮೀಟರ್, ತುದಿ ನೆಲದಿಂದ 4 ಮೀಟರ್. ನೆಲದ ಘರ್ಷಣಾ ಗುಣಾಂಕ 0.4. 700 ನ್ಯೂಟನ್ ತೂಕದ ಆಳು ಏಣಿಯ ಉದ್ದಕ್ಕೆ 1 ಮೀಟರ್ ಹತ್ತಿದ್ದಾನೆ. ನೆಲದ ಮೇಲ್ಮುಖ ಪ್ರತಿಕ್ರಿಯೆ 900 ನ್ಯೂಟನ್ ಎಂದು ಕಂಡ ಕೂಡಲೇ ಘರ್ಷಣೆ 0.4 × 900 = 360 ಎಂದು ಬರೆದರೆ ತಪ್ಪು. ಬುಡದ ಸುತ್ತ ಮೊಮೆಂಟ್ ತೆಗೆದರೆ ಗೋಡೆಯ ಪ್ರತಿಕ್ರಿಯೆ × 4 = 200 × 1.5 + 700 × 0.6, ಅಂದರೆ 720. ಗೋಡೆ ಕೊಡುವುದು 180 ನ್ಯೂಟನ್. ಅಡ್ಡ ಬಲಗಳು ಸರಿಹೋಗಬೇಕಾದರೆ ನೆಲದ ಘರ್ಷಣೆಯೂ 180 ನ್ಯೂಟನ್ ಆಗಿರಲೇಬೇಕು. 360 ಎಂದು ಹಿಡಿದವರ ಏಣಿ ನಿಂತಲ್ಲೇ ಗೋಡೆಯ ಕಡೆಗೆ ಓಡಬೇಕಾದೀತು.

ಅವನು ಎಷ್ಟು ದೂರ ಹತ್ತಬಹುದು ಎಂದು ಕೇಳಿದರೆ ಆಗ 360ನ್ನು ಬಳಸಬೇಕು. ಗೋಡೆಯ ಪ್ರತಿಕ್ರಿಯೆಯೂ 360 ಆಗುವ ಸ್ಥಿತಿಯಲ್ಲಿ 1440 = 300 + 420 × ದೂರ; ದೂರ 2.71 ಮೀಟರ್. ಏಣಿಯ ನಡುಭಾಗ ದಾಟಿದ ಸ್ವಲ್ಪದರಲ್ಲೇ ಬುಡ ಜಾರುತ್ತದೆ. ಅದೇ ಏಣಿಯ ಬುಡವನ್ನು ಗೋಡೆಯಿಂದ 1.4 ಮೀಟರಿಗೆ ಎಳೆದರೆ ತುದಿ 4.8 ಮೀಟರಿಗೆ ಏರುತ್ತದೆ. ಆಗ ಆಳು ತುತ್ತತುದಿಗೆ ಹೋದರೂ ಬೇಕಾಗುವ ಘರ್ಷಣೆ (140 + 980) ÷ 4.8 = 233 ನ್ಯೂಟನ್ ಮಾತ್ರ. 360ರ ಮಿತಿಯ ಹತ್ತಿರಕ್ಕೂ ಅದು ಬರುವುದಿಲ್ಲ.

ಗೋಡೆಯೂ ಒರಟಾಗಿದ್ದರೆ ಹಂತ 4ಕ್ಕೆ ಮರಳಿ ಎಣಿಸಿರಿ: ನೆಲದಲ್ಲಿ ಎರಡು, ಗೋಡೆಯಲ್ಲಿ ಎರಡು, ಒಟ್ಟು ನಾಲ್ಕು ಅಜ್ಞಾತ, ಮೂರು ಸಮೀಕರಣ. ಆಳು ಎಲ್ಲೋ ನಡುವೆ ಸುಮ್ಮನೆ ನಿಂತಿರುವಾಗ ಈ ನಾಲ್ಕನ್ನೂ ಸಮತೋಲನದ ನಿಯಮಗಳಿಂದ ಬಿಡಿಸಲು ಬರುವುದಿಲ್ಲ. ಜಾರುವ ಅಂಚಿನಲ್ಲಿ ಮಾತ್ರ ಎರಡೂ ತುದಿಗಳು ಒಟ್ಟಿಗೇ ಜಾರಬೇಕಾದ್ದರಿಂದ ಎರಡು ಹೆಚ್ಚಿನ ಸಂಬಂಧಗಳು ಸಿಗುತ್ತವೆ. ತುದಿ ಕೆಳಕ್ಕೆ ಜಾರಲು ನೋಡುವುದರಿಂದ ಗೋಡೆಯ ಘರ್ಷಣೆಯ ಬಾಣ ಮೇಲಕ್ಕೆ. ಬುಡ 3 ಮೀಟರ್ ದೂರದಲ್ಲೇ ಇದ್ದು ಗೋಡೆಯ ಗುಣಾಂಕ 0.25 ಆದರೆ ನೆಲದ ಪ್ರತಿಕ್ರಿಯೆ 900 ÷ (1 + 0.4 × 0.25) = 900 ÷ 1.1 = 818.2, ಗೋಡೆಯದು ಅದರ 0.4 ಪಟ್ಟು, ಅಂದರೆ 327.3, ಗೋಡೆಯ ಘರ್ಷಣೆ 81.8 ನ್ಯೂಟನ್. ಬುಡದ ಸುತ್ತ 327.3 × 4 + 81.8 × 3 = 300 + 420 × ದೂರ ಎಂದು ಬರೆದರೆ ದೂರ 2.99 ಮೀಟರ್ ಬರುತ್ತದೆ. ಗೋಡೆಯ ಒರಟುತನದಿಂದ ಆಳಿಗೆ ಸಿಕ್ಕಿದ್ದು ಹೆಚ್ಚೆಂದರೆ 28 ಸೆಂಟಿಮೀಟರ್. ಬುಡವನ್ನು ಒಳಕ್ಕೆ ಎಳೆದದ್ದರಿಂದ ಸಿಕ್ಕಿದ್ದು ಇಡೀ ಏಣಿ.